ಹಗೇವಿಗೆ ಇಳಿಸಿದ ಸಪ್ಪಳ

ಜನರೇಟರ್ ಬಂದ ದಿನ ನಮ್ಮ ದವಾಖಾನೆಗೆ ಬೆಳಕು ಬಂತು, ಡಾಕ್ಟರ್ ಬಾಯಿಯವರ ಕಿವಿ ಹೋಯಿತು. ನಾನು ಹೇಳುವುದು ಆ ಒಂದು ಮಳೆಗಾಲದ ಮಾತು. ನನಗೆ ಬರೆಯಲು ಬರುವುದು ಅಷ್ಟಕ್ಕಷ್ಟೆ. ಎರಡನೆಯ ಇಯತ್ತೆಯಲ್ಲಿ ಸಾಲಿ ಬಿಡಿಸಿದರು. ಅಕ್ಷರ ವಾರೆಯಾಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಲಿ. ಮಾತನ್ನು ಮಾತ್ರ ನಾನು ವಾರೆ ಮಾಡುವುದಿಲ್ಲ.

ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ ಎರಿ ಭೂಮಿಯ ಊರು ನಮ್ಮದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಡಾಕ್ಟರಮ್ಮನನ್ನು ನಾವು ಬಾಯಿ ಎನ್ನುತ್ತಿದ್ದೆವು. ಅವರು ಗೌಡರ ಹಳೆಯ ವಾಡೆಯ ಅರ್ಧವನ್ನು ಬಾಡಿಗೆಗೆ ಹಿಡಿದು, ಮುಂದಿನ ಪಡಸಾಲೆಯಲ್ಲಿ ಹೆರಿಗೆ ದವಾಖಾನೆ ಮಾಡಿ, ಹಿಂದಿನ ಕೋಣೆಯಲ್ಲಿ ಸಂಸಾರ ಮಾಡಿಕೊಂಡಿದ್ದರು. ನಾನು ಅಲ್ಲಿ ಆಯಾ. ನೀರು ಕಾಯಿಸುವುದು, ರಕ್ತದ ಅರಿವೆ ಒಗೆಯುವುದು, ಹೆರುವವಳ ಮೊಣಕಾಲು ಹಿಡಿಯುವುದು, ದೀಪ ಹಿಡಿಯುವುದು ನನ್ನ ಕೆಲಸ. ಆಗ ಕರೆಂಟ್ ಹೋಗುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಕಂದೀಲಿನ ಬೆಳಕಿನಲ್ಲಿ ರಕ್ತ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು, ಹರಿದದ್ದನ್ನು ಹೊಲಿಯುವುದು ಸಾಕಾಗಿ, ಬಾಯಿ ಹುಬ್ಬಳ್ಳಿಯಿಂದ ಒಂದು ಸಣ್ಣ ಜನರೇಟರ್ ತಂದರು. ಇಬ್ಬರು ಹಿಡಿದರೆ ಎತ್ತಬಹುದಾದ ಯಂತ್ರ. ಪೆಟ್ರೋಲಿನ ಮೇಲೆ ಎಬ್ಬಿಸಿ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಮೇಲೆ ಓಡಿಸುವುದು. ಎರಡು ಬಲ್ಬು, ಒಂದು ಫ್ಯಾನು.

ಅದರ ಸಪ್ಪಳವೆಂದರೆ ಕಬ್ಬಿಣದ ಡಬ್ಬಿಯಲ್ಲಿ ಕಲ್ಲು ಹಾಕಿ ತಲೆಯ ಮೇಲೆ ಅಲ್ಲಾಡಿಸಿದಂತೆ. ಹಿತ್ತಲ ಪಡಸಾಲೆಯಲ್ಲಿ ಇಟ್ಟರೂ ನೆಲದ ಕಲ್ಲು ಹಾಸು ನಡುಗುತ್ತಿತ್ತು. ಬಾಣಂತಿಯರು ಕಿವಿಗೆ ಅರಿವೆ ಕಟ್ಟಿಕೊಂಡರು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಬೇರೆ. ಹೆರುವವಳ ಹೊಟ್ಟೆಯ ಮೇಲೆ ಕಟ್ಟಿಗೆಯ ಸಣ್ಣ ತುತ್ತೂರಿ ಇಟ್ಟು, ಅದಕ್ಕೆ ಕಿವಿ ಹಚ್ಚಿ ಬಾಯಿ ಕೂಸಿನ ಎದೆಬಡಿತ ಕೇಳುತ್ತಿದ್ದರು. ಕೂಸು ದಣಿದರೆ ಬಡಿತ ನಿಧಾನವಾಗುತ್ತದೆ. ಆಗ ಸಿಕ್ಕ ಗಾಡಿಯಲ್ಲಿ ಹಾಕಿ ಹುಬ್ಬಳ್ಳಿಗೆ ಓಡಿಸಬೇಕು. ಜನರೇಟರ್ ಹಚ್ಚಿದರೆ ತುತ್ತೂರಿಯಲ್ಲಿ ಜನರೇಟರೇ ಕೇಳುತ್ತಿತ್ತು. ಆರಿಸಿದರೆ ಕತ್ತಲೆ.

ಆರಿಸಿ ಕೇಳಿ ಮತ್ತೆ ಹಚ್ಚಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾವೂ ಹಾಗೇ ಮಾಡಿ ನೋಡಿದೆವು. ಕಾದ ಯಂತ್ರ ತಿರುಗಿ ಏಳುತ್ತಿರಲಿಲ್ಲ. ಹಗ್ಗ ಸುತ್ತಿ ಜಗ್ಗಿ ಜಗ್ಗಿ ಕೈ ಸೋತರೂ ಅದು ಕೆಮ್ಮಿ ಸುಮ್ಮನಾಗುತ್ತಿತ್ತು. ಹೀಗಾಗಿ ಹಚ್ಚಿದ ಮೇಲೆ ಹೆರಿಗೆ ಮುಗಿಯುವವರೆಗೆ ಆರಿಸುವಂತಿರಲಿಲ್ಲ. ಮುಂಗಾರು ಹಿಡಿದ ಹೊಸತಿನಲ್ಲಿ ಒಬ್ಬಳಿಗೆ ಬೆಳಕಿನಲ್ಲಿ ಎಲ್ಲ ಚೆಂದಾಗಿ ಕಂಡಿತು, ಹುಟ್ಟಿದ ಕೂಸು ಮಾತ್ರ ಉಸಿರಾಡಲಿಲ್ಲ. ಬಾಯಿ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಕೇಳಿಸಿದ್ರ ಕಳಸ್ತಿದ್ನಿ, ಆಯವ್ವಾ," ಎಂದರು.

ಮರುದಿನದಿಂದ ನಾವು ಸಪ್ಪಳ ಕಡಿಮೆ ಮಾಡುವ ಕೆಲಸಕ್ಕೆ ಬಿದ್ದೆವು.

ನಾವು ಎಂದರೆ ಬಾಯಿ, ನಾನು, ಪಂಪಿನ ಇಂಜಿನ್ ರಿಪೇರಿ ಮಾಡುವ ಮೇಸ್ತ್ರಿ, ಮತ್ತು ಗೌಡರ ಮನೆಯ ಸಂಬಳದ ಆಳು. ಈ ಆಳನ್ನು ಊರೆಲ್ಲ ಹಗೇವಿನವ ಎಂದೇ ಕರೆಯುತ್ತಿತ್ತು. ಹಗೇವು ಎಂದರೆ ಜೋಳ ತುಂಬಿ ಇಡಲು ಭೂಮಿಯೊಳಗೆ ತೋಡಿದ ಕಣಜ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಇಳಿದವನು ಸಾಯುತ್ತಾನೆ. ಒಳಗೆ ಕಾಳಿನ ಕೆಟ್ಟ ಗಾಳಿ ಕೂತಿರುತ್ತದೆ. ಇಂಥ ಹಗೇವುಗಳಿಗೆ ಇಳಿದು ಜೋಳ ತೆಗೆಯುವುದರಲ್ಲಿ ಅವನದು ಪಳಗಿದ ಕೈ. ಅವನ ಅಪ್ಪನೂ ಅದನ್ನೇ ಮಾಡಿದವನು.

ಮೊದಲು ಗೋಣಿಚೀಲ ಸುತ್ತಿ ನೋಡಿದೆವು. ಸಪ್ಪಳ ಕೂದಲೆಳೆಯಷ್ಟು ಕಡಿಮೆಯಾಯಿತು, ಚೀಲ ಹೊತ್ತಿ ವಾಸನೆ ಬಂತು. ಮೇಸ್ತ್ರಿ ಓಡಿ ಬಂದು ಚೀಲ ಕಿತ್ತೆಸೆದ.

"ಯಾರ್ ಹೇಳಿದ್ರಿ ಇದಕ್ಕ ಕುಲಾವಿ ಹಾಕಂತ? ಇಂಜಿನ್ನಿಗೆ ಗಾಳಿ ಬೇಕ್ರಿ. ಗಾಳಿ ಇಲ್ಲಂದ್ರ ಕಾದು ಸುಟ್ಟ ಹೊಕ್ಕೈತಿ."

ಆಮೇಲೆ ಅವನೇ ಹಲಗೆಯ ಪೆಟ್ಟಿಗೆ ಮಾಡಿದ. ಒಳಗೆ ಗಾಳಿಗೆಂದು ತೂತು. ತೂತು ದೊಡ್ಡದು ಮಾಡಿದರೆ ಸಪ್ಪಳ ಹೊರಗೆ ಬರುತ್ತಿತ್ತು, ಸಣ್ಣದು ಮಾಡಿದರೆ ಇಂಜಿನ್ ಏದುಸಿರು ಬಿಟ್ಟು ಬಲ್ಬು ಕೆಂಪಗಾಗುತ್ತಿತ್ತು. ಪೆಟ್ಟಿಗೆಯನ್ನು ಒಲೆಗೆ ಹಾಕಿದೆ. ಮೂರನೆಯದು ಟ್ರ್ಯಾಕ್ಟರಿನ ಹಳೆಯ ಟಾಯರು. ಅದನ್ನು ಕತ್ತರಿಸಿ ಯಂತ್ರದ ಕಾಲಿನ ಅಡಿಗೆ ಕೊಟ್ಟ. ಅದು ಫಲಿಸಿತು. ಕಲ್ಲು ಹಾಸು ನಡುಗುವುದು ನಿಂತಿತು, ಮಂಚದ ಕಾಲು ಗುಂಯ್ಗುಡುವುದು ನಿಂತಿತು. ಆದರೂ ತುತ್ತೂರಿಯಲ್ಲಿ ಕೂಸು ಕೇಳುವಷ್ಟು ಆಗಲಿಲ್ಲ.

ನಾನು ಬೇಸತ್ತು, "ಇದನ್ನ ಬಾವ್ಯಾಗ ಒಗೀರಿ," ಎಂದೆ.

ಹಗೇವಿನವ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. "ಆಯವ್ವಾ, ನಿನ್ನ ಬಾಯಿ ಮುಂದ ಅದರ ಸಪ್ಪಳ ಏನ್ ಮಹಾ ಬಿಡ. ಬಾವ್ಯಾಗ ಯಾಕ, ಹಗೇವಿನ್ಯಾಗ ಇಳಸೂಣು. ಹಿತ್ತಲದಾಗಿಂದು ಖಾಲಿ ಬಿದ್ದೈತಿ. ಅದರೊಳಗ ನಿಂತು ಒದರಿದ್ರ ಮ್ಯಾಲ ಒಂದ್ ಅಕ್ಷರ ಕೇಳಂಗಿಲ್ಲ. ನಮ್ಮಪ್ಪ ನಮ್ಮವ್ವನ ಬೈಯ್ಯಾಕ ಅದರಾಗ ಇಳೀತಿದ್ದ."

ಬಾಯಿಯೂ ನಕ್ಕರು. ಆ ಕೂಸು ಹೋದ ಮೇಲೆ ನಕ್ಕದ್ದು ಅದೇ ಮೊದಲು.

ಮೇಸ್ತ್ರಿ ನಗಲಿಲ್ಲ. "ಹೊಗೀ ಎಲ್ಲಿ ಹೋಗಬೇಕಲೇ?" ಎಂದು ಕೇಳಿದ.

"ಪೈಪ್ ಹಾಕ, ಚಾಚಾ. ನೀ ಮೇಸ್ತ್ರಿ ಅಲ್ಲ?"

ಮೇಸ್ತ್ರಿ ವಿಚಾರ ಮಾಡಿದ. ಪಂಪಿನ ಹಳೆಯ ಕಬ್ಬಿಣದ ಪೈಪು ತಂದು, ಹೊಗೆ ಬರುವ ಕಡೆ ಸೇರಿಸಿ, ಕೂಡಿದಲ್ಲಿ ಕಲ್ನಾರಿನ ದಾರ ಸುತ್ತಿ, ತುದಿಯನ್ನು ಹಗೇವಿನ ಬಾಯಿಯಿಂದ ಮೇಲೆ ತಂದ. ಹಗೇವಿನ ಬಾಯಿಯ ಒಂದು ಕಲ್ಲು ಕಿತ್ತು ಅಗಲ ಮಾಡಿ, ಬಂಡಿಯ ಹಗ್ಗ ಕಟ್ಟಿ ಯಂತ್ರವನ್ನು ಕೆಳಗೆ ಇಳಿಸಿದರು. ಅಡಿಗೆ ಟಾಯರು. ಇಳಿಯಲು ಬಿದಿರಿನ ನಿಚ್ಚಣಿಕೆ.

ಹಗೇವಿನವ ಇಳಿದು ಹಗ್ಗ ಜಗ್ಗಿ ಹಚ್ಚಿ ಮೇಲೆ ಬಂದ. ನಾವು ಪಡಸಾಲೆಯಲ್ಲಿ ನಿಂತಿದ್ದೆವು. ಬಲ್ಬು ಹತ್ತಿತು. ಸಪ್ಪಳವಿಲ್ಲ. ದೂರದಲ್ಲಿ ಯಾರೋ ಬೀಸುಕಲ್ಲು ತಿರುವಿದ ಹಾಗೆ, ಅಷ್ಟೇ. ಬಾಯಿ ತುತ್ತೂರಿ ತೆಗೆದುಕೊಂಡು ಮಂಚದ ಮೇಲಿದ್ದ ಬಸುರಿಯ ಹೊಟ್ಟೆಗೆ ಇಟ್ಟು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು. "ಕೇಳ್ತೈತಿ," ಎಂದರು.

ಆ ವಾರ ಹುಟ್ಟಿದ ಕೂಸುಗಳೆಲ್ಲ ಬದುಕಿದವು. ಒಂದು ದಣಿದದ್ದು ಹೊತ್ತಿಗೆ ತಿಳಿದು ಹುಬ್ಬಳ್ಳಿಗೆ ಹೋಯಿತು, ಅದೂ ಬದುಕಿತು. ಗೌಡರು ಬಂದು ನೋಡಿ, ಹಗೇವಿನವನ ಬೆನ್ನಿಗೆ ಗುದ್ದಿ ಶಾಭಾಸ್ ಎಂದು ಹೋದರು. ಆ ವಾರ ನಾನೂ ಅವನನ್ನು ಬೈಯಲಿಲ್ಲ.

ಇಳಿಯುವಾಗ ಅವನು ಹಗೇವಿನ ಪದ್ಧತಿ ಬಿಡುತ್ತಿರಲಿಲ್ಲ. ಮೊದಲು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುವುದು. ದೀಪ ಸಣ್ಣಗಾದರೆ, ನೀಲಿಯಾದರೆ, ಆರಿದರೆ ಇಳಿಯಬಾರದು. ಕಂಬಳಿ ಬೀಸಿ ಗಾಳಿ ಬದಲಿಸಬೇಕು. ದೀಪ ನೆಟ್ಟಗೆ ಉರಿದರೆ ಇಳಿಯಬಹುದು. ಇದು ಅವನ ಅಪ್ಪನ ಕಾಲದ ಪದ್ಧತಿ. ಈ ಭಾಗದಲ್ಲಿ ಎಷ್ಟು ಜೀವ ಉಳಿಸಿದೆಯೋ ಅದಕ್ಕೆ ಲೆಕ್ಕವಿಲ್ಲ. ನಮಗೆಲ್ಲರಿಗೂ ಅದರ ಮೇಲೆ ನಂಬಿಕೆ. ಬಾಯಿಗೂ ಇತ್ತು, ಮೇಸ್ತ್ರಿಗೂ ಇತ್ತು. ದಿನಾಲೂ ದೀಪ ನೆಟ್ಟಗೇ ಉರಿಯುತ್ತಿತ್ತು.

ಒಂದು ಮಾತು ಮಾತ್ರ ಆಗಾಗ ಬರುತ್ತಿತ್ತು. ಮೇಲೆ ಬಂದವನು ತಲೆ ಹಿಡಿದು ಕೂಡುತ್ತಿದ್ದ. "ತಲಿ ಸಿಡೀತೈತಿ ಬೇ. ಚಾ ಕೊಡ." ನಾನು ಚಾ ಕೊಡುತ್ತಿದ್ದೆ. ಚಿಮಣಿ ಎಣ್ಣೆಯ ವಾಸನೆಗೆ ಎಂದೆವು. ಬಾಯಿ ಒಂದು ಗುಳಿಗೆ ಕೊಟ್ಟರು. ಅವನ ಹೆಂಡತಿ ಬಂದು, "ಮನಿಗೆ ಬಂದು ವಾಂತಿ ಮಾಡ್ಕೊಂಡಾನ್ರಿ, ಏನ್ ತಿನಸೀರಿ?" ಎಂದು ನನ್ನ ಮೇಲೆ ಹರಿಹಾಯ್ದಳು. ಹಸಿ ಮೆಣಸಿನಕಾಯಿ ಖಾರ ತಿಂದಿದ್ದ, ಅದಕ್ಕೆ ಎಂದೆ. ಎಲ್ಲರೂ ಹೌದೆಂದರು.

ಆಮೇಲೆ ಜಡಿ ಮಳೆ ಹಿಡಿಯಿತು. ಹಗೇವಿಗೆ ನೀರು ಇಳಿದರೆ ಯಂತ್ರ ಹೋಯಿತು. ಅದರ ಬಾಯಿಯ ಮೇಲೆ ಕಲ್ಲು ಸರಿಸಿ, ಪೈಪು ಮತ್ತು ವಾಯರು ಬರುವಷ್ಟು, ಇಂಜಿನ್ನು ಗಾಳಿ ಎಳೆದುಕೊಳ್ಳುವಷ್ಟು ಸಂದು ಬಿಟ್ಟು ಸುತ್ತ ಮಣ್ಣು ಮೆತ್ತಿದರು. ಪೈಪಿನ ತುದಿಯಿಂದ ಹೊಗೆ ಬರುವುದು ಕಣ್ಣಿಗೆ ಕಾಣುತ್ತಿತ್ತಲ್ಲ, ಒಳಗೆ ಹೊಗೆ ಇಲ್ಲವೆಂದು ತಿಳಿದೆವು. ಯಂತ್ರದ ನಡುಕಕ್ಕೆ ಪೈಪಿನ ಕೂಡು ಸಡಿಲವಾಗಿ, ದಾರ ಬಿಚ್ಚಿ, ಅರ್ಧ ಒಳಗೇ ಉಗುಳುತ್ತಿತ್ತು. ಇದು ಆಮೇಲೆ ತಿಳಿದದ್ದು.

ಅವತ್ತು ಒಬ್ಬ ಚೊಚ್ಚಲ ಬಸುರಿ ಬೆಳಗಿನಿಂದ ಬೇನೆ ತಿನ್ನುತ್ತಿದ್ದಳು. ಊಟದ ಹೊತ್ತಿಗೇ ಮೋಡ ಕವಿದು ಒಳಗೆ ಕೈ ಕಾಣುತ್ತಿರಲಿಲ್ಲ. ಕರೆಂಟ್ ಇಲ್ಲ. ಹಗೇವಿನವ ಯಂತ್ರ ಹಚ್ಚಿ ಬಂದಿದ್ದ. ಇಳಿಹೊತ್ತಿನವರೆಗೂ ಅದು ಓಡಿತು. ಅವನು ಹೊತ್ತು ನೋಡಿ, ಎಣ್ಣೆ ಮುಗಿಯುತ್ತ ಬಂದಿರಬೇಕು, ಆರುವುದರೊಳಗೆ ಹಾಕಿ ಬರುತ್ತೇನೆ ಎಂದು ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದ. ನಾನು ಬಚ್ಚಲ ಬಾಗಿಲಲ್ಲಿ ಬಿಸಿನೀರು ತುಂಬುತ್ತಿದ್ದೆ. ಅವನು ಮಣ್ಣು ಕೆದರಿ ಕಲ್ಲು ಸರಿಸಿದ. ಕಂದೀಲು ಬಿಟ್ಟ. ಬಗ್ಗಿ ನೋಡಿದ.

"ನೋಡ ಬೇ ಆಯವ್ವಾ, ದೀಪ ಮದುಮಗನ ಹಂಗ ನಿಂತೈತಿ."

"ನಡಕ್ಕ ಹಗ್ಗಾ ಕಟಗೋಲೇ," ಎಂದೆ. ಹಗೇವಿಗೆ ಇಳಿಯುವವರು ಸೊಂಟಕ್ಕೆ ಹಗ್ಗ ಕಟ್ಟಿ ತುದಿ ಮೇಲೆ ಒಬ್ಬರ ಕೈಗೆ ಕೊಡುತ್ತಾರೆ.

"ಕಾಳಿಲ್ಲದ ಹಗೇವಿಗೆ ಹಗ್ಗ ಯಾತಕ್ಕ? ನಿನ್ನ ನೀರು ಆರತಾವ, ಒಳಗ ಹೋಗ."

ನಾನು ಒಳಗೆ ಹೋದೆ. ಬಾಯಿ ತುತ್ತೂರಿ ಇಟ್ಟು ಕೇಳುತ್ತಿದ್ದರು. ಕೂಸಿನ ಬಡಿತ ಚೆನ್ನಾಗಿತ್ತು, ತಲೆ ಕೆಳಗೆ ಬಂದಿತ್ತು. ನಾನು ಮೊಣಕಾಲು ಹಿಡಿದು ಕೂತೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಲ್ಬು ಕೆಂಪಗಾಗಿ ಆರಿತು.

ಯಂತ್ರ ನಿಂತದ್ದು ಕಿವಿಗೆ ಗೊತ್ತಾಗಲಿಲ್ಲ. ಮೊದಲೇ ಅದರ ಸಪ್ಪಳ ಇರಲಿಲ್ಲವಲ್ಲ. ಅವನು ಎಣ್ಣೆ ಹಾಕಲು ಹೋದವನು, ಹಾಕಿಲ್ಲ. ನಾನು ಎದ್ದು ಹಿತ್ತಲಿಗೆ ಓಡಿದೆ. ಮಳೆ ಹನಿಯುತ್ತಿತ್ತು. ಹಗೇವಿನ ಬಾಯಿಯಲ್ಲಿ ಬಗ್ಗಿ ಕೂಗಿದೆ. ಕೆಳಗೆ ಕಂದೀಲು ಹಗ್ಗದ ತುದಿಯಲ್ಲಿ ಹಾಗೆಯೇ ಉರಿಯುತ್ತಿತ್ತು, ನೆಟ್ಟಗೆ, ಹಳದಿಯಾಗಿ, ಹೊಗೆ ಕೂಡ ಇಲ್ಲದೆ. ಅದರ ಬೆಳಕಿನಲ್ಲಿ ಅವನು ಯಂತ್ರದ ಪಕ್ಕ ಒಂದು ಮಗ್ಗುಲಿಗೆ ಮಲಗಿದ್ದ. ಎಣ್ಣೆಯ ಡಬ್ಬಿ ಉರುಳಿತ್ತು.

ನನ್ನ ಕೂಗಿಗೆ ಮೇಸ್ತ್ರಿ ಬಂದ, ಬೀದಿಯ ನಾಲ್ಕು ಜನ ಬಂದರು. ಮೇಸ್ತ್ರಿ ನೋಡಿದವನೇ ನಿಚ್ಚಣಿಕೆಗೆ ಕಾಲು ಇಟ್ಟ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದೆ, ಅಂಗಿ ಹರಿಯಿತು.

"ದೀಪ ಉರ್ಯಾಕತ್ತೈತಿ, ಬಿಡ ಆಯವ್ವಾ! ಗಾಳಿ ಛಲೋ ಐತಿ!"

"ಛಲೋ ಇದ್ರ ಅವ ಯಾಕ ಬಿದ್ದಾನ? ಒಬ್ಬಾಂವ ಸಾಕು ಕೆಳಗ. ಹಗ್ಗಾ ಕಟಗೊಂಡ ಇಳಿ. ಕಂಬಳಿ ತರ್ರಿ, ಬೀಸರಿ ಮೊದಲ!"

ಅಷ್ಟರಲ್ಲಿ ಒಳಗಿನಿಂದ ಬಾಯಿ ಒದರಿದರು. "ಆಯವ್ವಾ! ದೀಪಾ!" ತಲೆ ಹೊರಬರುತ್ತಿತ್ತು. ಮನೆಯಲ್ಲಿ ಇನ್ನೊಂದು ಕಂದೀಲು ಇತ್ತು, ಎಣ್ಣೆ ಇರಲಿಲ್ಲ. ಜನರೇಟರ್ ಬಂದ ಮೇಲೆ ಕಂದೀಲಿನ ಗೊಡವೆ ಯಾರಿಗೆ ಬೇಕಿತ್ತು. ಇದ್ದ ಎಣ್ಣೆಯೆಲ್ಲ ಕೆಳಗೆ ಚೆಲ್ಲಿ ಹೋಗಿತ್ತು. ನಾನು ಹಗೇವಿನ ಹಗ್ಗಕ್ಕೆ ಕೈ ಹಾಕಿ ಆ ಕಂದೀಲನ್ನೇ ಮೇಲೆ ಸೇದಿಕೊಂಡೆ. ಅವನು ಕತ್ತಲಲ್ಲಿ ಉಳಿದ. ಕೆಲವರು ಹೋ ಎಂದರು. ನಾನು ನಿಲ್ಲಲಿಲ್ಲ. ಒಳಗಿನ ಎರಡು ಜೀವ ಇನ್ನೂ ಜೀವಂತ ಇದ್ದವು.

ಆ ಕಂದೀಲಿನ ಬೆಳಕಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಡಲೇ ಅತ್ತಿತು.

ಹೊರಗೆ ಅವರು ಕಂಬಳಿ ಬೀಸಿ, ಕಲ್ಲನ್ನು ಪೂರಾ ಸರಿಸಿ, ಮೇಸ್ತ್ರಿಯ ನಡಕ್ಕೆ ಹಗ್ಗ ಕಟ್ಟಿ ಇಳಿಸಿದರು. ಅವನು ಉಸಿರು ಬಿಗಿಹಿಡಿದು ಇಳಿದು ಹಗೇವಿನವನ ಕಂಕುಳಿಗೆ ಹಗ್ಗ ಹಾಕಿದ. ಮೇಲೆ ಬಂದ ಮೇಸ್ತ್ರಿಗೂ ಕಾಲು ನಿಲ್ಲಲಿಲ್ಲ. ಬಾಯಿ ಕೈ ತೊಳೆಯದೆ ಓಡಿ ಬಂದು ಹಗೇವಿನವನ ಎದೆ ಒತ್ತಿದರು, ಬಾಯಿಗೆ ಬಾಯಿ ಇಟ್ಟು ಉಸಿರು ಊದಿದರು. ಊರವರು ನೋಡುತ್ತ ನಿಂತರು. ಬಾಯಿ ಬಹಳ ಹೊತ್ತು ಬಿಡಲಿಲ್ಲ. ನಾನೇ ಭುಜ ಮುಟ್ಟಿ, "ಸಾಕ್ರಿ ಬಾಯಾರ," ಎಂದೆ.

ಅವನ ತುಟಿ ಕೆಂಪಗಿದ್ದವು, ಎಲೆ ಅಡಿಕೆ ಹಾಕಿಕೊಂಡವರ ಹಾಗೆ. ಅವನು ಎಲೆ ಹಾಕಿಕೊಳ್ಳುವವನಲ್ಲ. ಉಗುರಿನಲ್ಲೂ ಅದೇ ಬಣ್ಣ. ಬಾಯಿ ಅದನ್ನು ನೋಡಿ, ಒಮ್ಮೆಲೇ ತಿಳಿದವರಂತೆ ನೆಲಕ್ಕೆ ಕೂತರು.

ಪೋಲೀಸರು ಬಂದರು, ಪಂಚನಾಮೆ ಮಾಡಿದರು, ಹೋದರು. ನಾಲ್ಕು ದಿನದ ಮೇಲೆ ಬಾಯಿ ನನ್ನನ್ನೂ ಮೇಸ್ತ್ರಿಯನ್ನೂ ಕೂರಿಸಿ ಹೇಳಿದರು. ಕಾಳಿನ ಗಾಳಿ ಬೇರೆ, ಇಂಜಿನ್ನಿನ ಗಾಳಿ ಬೇರೆ. ಕಾಳಿನ ಗಾಳಿ ದೀಪ ಆರಿಸುತ್ತದೆ, ಅದಕ್ಕೆ ಕಂದೀಲು ಹೇಳುತ್ತದೆ. ಇಂಜಿನ್ ಉಗುಳುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಉರಿಯುತ್ತಿರುವಾಗಲೇ ಅದು ಮನುಷ್ಯನ ರಕ್ತ ಸೇರಿ ಕೊಲ್ಲುತ್ತದೆ. ಮೊದಲು ತಲೆ ಸಿಡಿಯುತ್ತದೆ, ಆಮೇಲೆ ವಾಂತಿ, ಆಮೇಲೆ ಕಾಲು ಬಲ ಕಳೆದುಕೊಳ್ಳುತ್ತವೆ. "ಪುಸ್ತಕದಾಗ ಓದಿದ್ನಿ. ಕಣ್ಮುಂದ ಇದ್ದಾಗ ನೆನಪಾಗಲಿಲ್ಲ," ಎಂದರು. ಮೇಸ್ತ್ರಿ ತಲೆ ಎತ್ತಲಿಲ್ಲ.

ಯಂತ್ರವನ್ನು ಮೇಲೆತ್ತಿ ಗೋಣಿ ಮುಚ್ಚಿ ಹಿತ್ತಲ ಮೂಲೆಗೆ ಇಟ್ಟಿದ್ದರು. ಹಗೇವಿಗೆ ಗೌಡರು ಮಣ್ಣು ತುಂಬಿಸಿದರು. ಬಾಯಿ ಯಂತ್ರ ಮಾರಿಬಿಡುತ್ತೇನೆ ಎಂದರು. ಕರೆಂಟ್ ಮಾತ್ರ ಮೊದಲಿನಂತೆಯೇ ಹೋಗುತ್ತಿತ್ತು. ಮತ್ತೆ ಕಂದೀಲು ಹಿಡಿದು ನಿಂತೆ. ಒಬ್ಬಳಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ, ಎಲ್ಲಿಂದ ಎಂದು ಕಾಣಲಿಲ್ಲ. ಬಾಯಿ ಮುಷ್ಟಿಯಿಂದ ಒತ್ತಿ ಹಿಡಿದು ಕೂತರು. ಆಕೆ ಉಳಿದಳು, ಹೇಗೋ.

ಆ ಸಂಜೆ ನಾನು ಹೇಳಿದೆ. "ಬಾಯಾರ, ಯಂತ್ರ ಮಾರಬ್ಯಾಡ್ರಿ. ಅದನ್ನ ಹುಗುದಿದ್ದು ತಪ್ಪು. ಸಪ್ಪಳ ಮುಚ್ಚಾಕ ಹೋದ್ರ ಹೊಗೀನೂ ಮುಚ್ಚತೈತಿ. ಮುಚ್ಚೂದು ಬ್ಯಾಡ, ದೂರ ಒಯ್ಯೂಣು."

ಬಾಯಿ ಎದ್ದು ಒಳಗೆ ಹೋದರು. ಬೆಳಿಗ್ಗೆ ತಾವೇ ಮೇಸ್ತ್ರಿಗೆ ಹೇಳಿ ಕಳಿಸಿದರು.

ಮೇಸ್ತ್ರಿ ಬಂದ, ಆದರೆ ಯಂತ್ರ ಮುಟ್ಟಲು ಅವನ ಕೈ ಮುಂದೆ ಬರಲಿಲ್ಲ. "ಪೈಪ್ ಕಟ್ಟಿದಾಂವ ನಾನ," ಎಂದ. "ಹೌದು, ನೀನ. ಈಗ ಛಲೋ ಕಟ್ಟು," ಎಂದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಯಂತ್ರವನ್ನು ಎರಡು ಗಳಕ್ಕೆ ಕಟ್ಟಿ ಹೊತ್ತು ಹಿತ್ತಲ ಆಚೆಗೆ ಒಯ್ದೆವು. ಒಂದೊಂದು ಜಾಗದಲ್ಲಿ ಇಟ್ಟು ಹಚ್ಚುವುದು, ಒಳಗೆ ಬಾಯಿ ತುತ್ತೂರಿ ಇಟ್ಟು ಕೇಳುವುದು. ಕೇಳದಿದ್ದರೆ ನಾನು ಬಾಗಿಲಲ್ಲಿ ನಿಂತು ಸೆರಗು ಬೀಸುವುದು, ಅವರು ಇನ್ನೂ ದೂರ ಹೊರುವುದು. ಕಾದದ್ದು ಏಳಬೇಕಾದರೆ ತಣಿಯುವವರೆಗೆ ಕಾಯಬೇಕು. ಹೀಗಾಗಿ ದಿನಕ್ಕೆ ಒಂದೆರಡು ಜಾಗವಷ್ಟೇ ಆಗುತ್ತಿತ್ತು. ಮಂಚದ ಮೇಲಿದ್ದ ಬಸುರಿ ಬೇಸತ್ತು, "ನನ್ನ ಹೊಟ್ಟೀ ಏನ್ ರೇಡಿಯೋ ಅಂತ ತಿಳದೀರೇನ್ರಿ?" ಎಂದಳು. ತಿಪ್ಪೆ ದಾಟಿ ಕಳ್ಳಿ ಬೇಲಿಯ ಹತ್ತಿರ ಹೋದ ಮೇಲೆ ಸಪ್ಪಳ ಇಳಿಯಿತು. ಪೂರಾ ಅಲ್ಲ. ಇನ್ನೊಂದಿಷ್ಟು ಇಳಿಯಬೇಕಿತ್ತು.

ಅಲ್ಲಿ ಮೂರು ಕಡೆ ಮಣ್ಣಿನ ಗೋಡೆ ಎತ್ತಿದೆವು, ಆಳೆತ್ತರಕ್ಕಿಂತ ಮೇಲೆ, ಗೇಣು ದಪ್ಪಕ್ಕಿಂತ ಹೆಚ್ಚು. ಯಂತ್ರಕ್ಕೂ ಗೋಡೆಗೂ ನಡುವೆ ಮನುಷ್ಯ ತಿರುಗಾಡುವಷ್ಟು ಜಾಗ. ಮಳೆಗೆ ತಗಡು, ಅದನ್ನೂ ಗೋಡೆಗೆ ಕೂಡಿಸದೆ ನಾಲ್ಕು ಕಂಬದ ಮೇಲೆ ಎತ್ತರಕ್ಕೆ. ನಾಲ್ಕನೆಯ ಕಡೆಗೆ ಗೋಡೆಯಿಲ್ಲ, ಬಾಗಿಲಿಲ್ಲ, ತಟ್ಟಿಯೂ ಇಲ್ಲ. ಗೌಡರು ಜೋಳದ ದಂಟಿನ ಸಿವುಡು ಒತ್ತಿ ನಿಲ್ಲಿಸಿರಿ, ಸಪ್ಪಳ ಹೀರುತ್ತದೆ ಎಂದರು. ಕಿಡಿ ಬಿದ್ದರೆ ಊರೇ ಹೋಗುತ್ತದೆ ಎಂದು ಮೇಸ್ತ್ರಿ ಬೇಡವೆಂದ. ಅಡಿಗೆ ಅದೇ ಟಾಯರು ಕೊಟ್ಟ. ದೂರಕ್ಕೆ ಸಣ್ಣ ವಾಯರು ಎಳೆದರೆ ಬಲ್ಬು ಮಂಕಾಗುತ್ತದೆಂದು ದಪ್ಪ ವಾಯರು ತರಿಸಿದ. ಅದನ್ನು ಮನೆಯ ಕರೆಂಟಿಗೆ ಕೂಡಿಸಲಿಲ್ಲ. ಕೂಡಿಸಿದರೆ ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆಂದ. ಅದಕ್ಕೆ ಬೇರೆಯೇ ಎರಡು ಬಲ್ಬು.

ಬಾಯಿ ಕಟ್ಟಲೆ ಹಾಕಿದರು. ಹಚ್ಚುವ ಮೊದಲೇ ಎಣ್ಣೆ ತುಂಬಬೇಕು, ಓಡುವಾಗ, ಕಾದಾಗ ಡಬ್ಬಿ ಹತ್ತಿರ ಒಯ್ಯಬಾರದು. ಗೋಡೆಯೊಳಗೆ ಯಾರೂ ಕೂಡಬಾರದು, ಮಳೆ ಬಂದರೂ. ಯಾರಿಗೆ ತಲೆ ಸಿಡಿದರೂ ಚಾ ಕೇಳದೆ ಮೊದಲು ಬಯಲಿಗೆ ಹೋಗಬೇಕು. ಮೂಡಗಾಳಿ ಎದ್ದ ದಿನ ಹಚ್ಚಲೇಬಾರದು, ಹೊಗೆ ದವಾಖಾನೆಗೆ ತಿರುಗುತ್ತದೆ. ಕಂದೀಲುಗಳಲ್ಲಿ ಯಾವಾಗಲೂ ಎಣ್ಣೆ ಇರಬೇಕು. ಕೊನೆಯದು ನಾನು ಸೇರಿಸಿದ್ದು.

ಒಂದು ತೊಡಕು ಉಳಿಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಡುವಣದ್ದು. ಹೀಗಾಗಿ ಗೋಡೆಯಿಲ್ಲದ ಕಡೆ ಮೂಡಣಕ್ಕೇ ಇರಬೇಕು. ಬೇರೆ ಯಾವ ಕಡೆ ಬಿಟ್ಟರೂ ಹೊಗೆ ಗೋಡೆಯೊಳಗೇ ಸುತ್ತುತ್ತದೆ. ಮೂರು ಗೋಡೆ ತಡೆದ ಸಪ್ಪಳವೆಲ್ಲ ಆ ಒಂದು ಕಡೆ ಹೋಗುತ್ತಿತ್ತು. ಮೂಡಣಕ್ಕೆ ಕಳ್ಳಿ ಬೇಲಿ, ಅದರಾಚೆ ಗೌಡರ ಔಡಲ ಹೊಲ, ಅದರಾಚೆ ಒಂದೇ ಮನೆ. ಹೊಗೆ ಅಲ್ಲಿಯವರೆಗೆ ಹೋಗುವಷ್ಟು ಹತ್ತಿರವಲ್ಲ. ಸಪ್ಪಳ ಹೋಗುತ್ತಿತ್ತು. ಆ ಮನೆ ಹಗೇವಿನವನದು.

ಮೇಸ್ತ್ರಿ ನಾನು ಹೋಗುವುದಿಲ್ಲ ಎಂದ. ಬಾಯಿ ಎದ್ದು ನಿಂತರು, ಕೂತರು. ನಾನು ಹೋದೆ.

ಅವನ ಹೆಂಡತಿ ಹೊರಗೆ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ನಿಂತೇ ವಿಷಯ ಹೇಳಿದೆ. ಯಂತ್ರ ಇಡುತ್ತೇವೆ, ಸಪ್ಪಳ ನಿನ್ನ ಮನೆಯ ಕಡೆಗೇ ಬರುತ್ತದೆ, ನೀನು ಬೇಡವೆಂದರೆ ಇಡುವುದಿಲ್ಲ.

"ಈಗ ಕೇಳಾಕ ಬಂದೀ? ಅವಾಗ ಯಾರ್ ಕೇಳಿದ್ರಿ ನನ್ನ?"

"ಯಾರೂ ಕೇಳಲಿಲ್ಲ," ಎಂದೆ.

"ಖಾರ ತಿಂದಾನ, ಅದಕ್ಕ ವಾಂತಿ ಅಂದಿ ನೀ."

"ಅಂದ್ನಿ."

ಅವಳು ಇನ್ನೊಂದಿಷ್ಟು ಮೆಣಸಿನಕಾಯಿ ಬಿಡಿಸಿದಳು. "ಬೇಲಿ ಹಂತೇಕ ಇಟ್ಟು ಹಚ್ಚಿದ್ರೆಲ್ಲಾ, ಅವತ್ತೂ ಕೇಳ್ತು. ನನಗ ತಿಳೀಲಿಲ್ಲಂತ ತಿಳಕೊಂಡೀರೇನು?"

"ಏನ್ ಅಂತಿ ಹೇಳಿಬಿಡ ಬೇ. ನಿಂದ ಕೊನೀ ಮಾತು."

"ಇಡ್ರಿ," ಎಂದಳು. "ಸಪ್ಪಳ ಬರಲಿ. ಸಪ್ಪಳ ಬಂದ್ರ ಅದು ಮ್ಯಾಲ ಐತಿ ಅಂತ ಗೊತ್ತಾಗತೈತಿ. ಅದು ಕೇಳಸಲಾರದಾಗ ಅಲ್ಲೇನ, ಅಂವ ಹೋಗಿದ್ದು." ಮೆಣಸಿನಕಾಯಿ ಕೆಳಗಿಟ್ಟು ಹೇಳಿದಳು. "ಒಂದ ಮಾತು. ಆರಿಸಿದ ಕೂಡ್ಲೆ ಒದರಿ ಹೇಳ್ರಿ. ತಾನ ನಿಂತ್ರ ನನಗ ಎದಿ ತಡಿಯಂಗಿಲ್ಲ."

ಮುಂದಿನ ಬುಧವಾರ ಸಂಜೆ ಕರೆಂಟ್ ಹೋಯಿತು. ಮೇಸ್ತ್ರಿ ಹಗ್ಗ ಜಗ್ಗಿ ಹಚ್ಚಿ ಬಯಲಿಗೆ ಬಂದು ನಿಂತ. ಬಲ್ಬು ಹತ್ತಿತು. ಬಾಯಿ ಹೆರುವವಳ ಹೊಟ್ಟೆಗೆ ತುತ್ತೂರಿ ಇಟ್ಟು ಬಗ್ಗಿ, ಕಣ್ಣು ಮುಚ್ಚಿ, ಇನ್ನೊಂದು ಕಿವಿಗೆ ಕೈ ಒತ್ತಿಕೊಂಡರು. ಹಗೇವಿನಲ್ಲಿ ಇದ್ದಷ್ಟು ಸ್ವಚ್ಛವಾಗಿ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆರಳೆತ್ತಿ ಬಡಿತದ ಹಾಗೆ ಗಾಳಿಯಲ್ಲಿ ಆಡಿಸತೊಡಗಿದರು. ಅಷ್ಟು ಸಾಕಾಯಿತು. ಗಂಡು ಕೂಸು ಹುಟ್ಟಿತು.

ಎಲ್ಲ ಮುಗಿದು ಮೇಸ್ತ್ರಿ ಯಂತ್ರ ಆರಿಸಿದ. ನಾನು ಕೈಯಲ್ಲಿದ್ದ ಅರಿವೆ ಬಿಟ್ಟು ಹಿತ್ತಲಿಗೆ ಓಡಿ, ತಿಪ್ಪೆಯ ಮೇಲೆ ಹತ್ತಿ ನಿಂತೆ. ಔಡಲ ಹೊಲದ ಆಚೆ ಅವಳ ಮನೆಯ ಬಾಗಿಲು ಆಗಲೇ ತೆರೆದಿತ್ತು, ಒಳಗಿನ ದೀಪದ ಬೆಳಕಿಗೆ ಬಾಗಿಲಲ್ಲಿ ಅವಳು ನಿಂತದ್ದು ಕಂಡಿತು.

"ನಾವ ಆರಿಸೇವಿ ಬೇ!" ಎಂದು ಒದರಿದೆ. "ಎಲ್ಲಾರೂ ಮ್ಯಾಲ ಅದೀವಿ!"

ಅವಳು ಹೂಂ ಎಂದಳೋ ಇಲ್ಲವೋ, ನನಗೆ ಕೇಳಲಿಲ್ಲ. ಬಾಗಿಲು ಹಾಕಿಕೊಂಡಳು. ನಾನು ಆ ದವಾಖಾನೆಯಲ್ಲಿ ಇರುವವರೆಗೂ, ಯಂತ್ರ ಆರಿಸಿದಾಗಲೆಲ್ಲ ತಿಪ್ಪೆ ಹತ್ತಿ ಅದೇ ಮಾತು ಒದರಿದೆ.